ಸವಿತಾಳಿಗೆ ನಾನು ಕಲಿಸಿದ ರಸಾಯನಶಾಸ್ತ್ರ

ರಸಾಯನಶಾಸ್ತ್ರದ ಬಗ್ಗೆ ಯಾರಾದರೂ ನನ್ನನ್ನು ಏನಾದರೂ ಕೇಳಲಿ ಎಂದು ನಾನು ಇಪ್ಪತ್ತೇಳು ವರ್ಷ ಕಾದಿದ್ದೆ. ಬಿ.ಎಸ್ಸಿ. ಮುಗಿದ ಮೇಲೆ ನನಗೆ ಸಿಕ್ಕಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮಾಲು ಪ್ಯಾಕ್ ಮಾಡಿಸಿ ಲಾರಿಗೆ ಹಾಕಿಸುವ ಕೆಲಸ. ಅಲ್ಲಿ ಕಬ್ಬಿಣ ತಣ್ಣಗಾದ ಮೇಲೆ ನನ್ನ ಹತ್ತಿರ ಬರುತ್ತದೆ. ಅದು ಕುದಿಯುವಾಗ ನನ್ನನ್ನು ಯಾರೂ ಕರೆಯುವುದಿಲ್ಲ.

ಹೀಗಿರುವಾಗ ಒಂದು ಸಂಜೆ ಖಾನಾಪುರದಿಂದ ಸವಿತಾಳ ಫೋನ್ ಬಂತು. ಸವಿತಾ ನನ್ನ ಹೆಂಡತಿ ಶೈಲಾಳ ತಂಗಿ. ವಯಸ್ಸು ಮೂವತ್ತಾರು. ಪಿಯುಸಿ ಆದ ಕೂಡಲೇ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಖಾನಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ಹತ್ತು ವರ್ಷದಿಂದ ಪೇಷಂಟುಗಳ ಹೆಸರು ಬರೆದುಕೊಳ್ಳುತ್ತ, ಗಾಜಿನ ಕೊಳವೆಗಳನ್ನು ತೊಳೆಯುತ್ತ ಇದ್ದವಳು. ಲ್ಯಾಬ್ ಕೋರ್ಸ್ ಮುಗಿಸಿದರೆ ರಕ್ತ ಪರೀಕ್ಷೆಯ ಕೆಲಸವನ್ನೇ ಕೊಡುತ್ತೇನೆ ಎಂದು ಡಾಕ್ಟರರು ಹೇಳಿದ್ದರಿಂದ ಧೈರ್ಯ ಮಾಡಿ ಬೆಳಗಾವಿಯಲ್ಲಿ ಸೇರಿಕೊಂಡಿದ್ದಳು. ಮೊದಲ ವರ್ಷದ ಎಲ್ಲ ವಿಷಯಗಳೂ ಪಾಸಾಗಿದ್ದವು, ರಸಾಯನಶಾಸ್ತ್ರದ ಮೂಲತತ್ವಗಳು ಎಂಬ ಒಂದನ್ನು ಬಿಟ್ಟು. ಅದರಲ್ಲಿ ಎರಡು ಸಲ ನಪಾಸು. ಮೂರನೆಯ ಸಲವೂ ಹೋದರೆ ಕೋರ್ಸ್ ಬಿಡಬೇಕು ಎಂಬುದು ಅಲ್ಲಿಯ ನಿಯಮ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

"ಅಕ್ಕಾ, ಇದೊಂದು ಹೋದ್ರ ಎಲ್ಲಾ ಹೋತು. ಮತ್ತ ಕೊಳವಿ ತೊಳಕೋತ ಕುಂದರೂದ ಐತಿ" ಎಂದಳು. ಶೈಲಾಳ ಪಕ್ಕದಲ್ಲಿ ಕುಳಿತಿದ್ದ ನನಗೂ ಅದು ಕೇಳಿಸಿತು.

"ಇಲ್ಲೇ ಬಂದಿರು ಅಂತ ಹೇಳ ಆಕಿಗೆ. ನಾ ಅದೀನಲ್ಲ" ಎಂದೆ.

ಶೈಲಾ ಫೋನಿನ ಮೇಲೆ ಕೈ ಮುಚ್ಚಿ, "ನಿಮಗ ಇನ್ನೂ ನೆನಪೈತೇನ್ರಿ?" ಎಂದಳು.

"ಮೂಲತತ್ವ ಅಂದ್ರ ಮರಿಯೂವಂಥಾದ್ದಲ್ಲ. ಅದು ರಕ್ತದಾಗ ಇರತೈತಿ."

ನಾನು ಫೌಂಡ್ರಿಗೆ ಐದು ದಿನ ರಜೆ ಹಾಕಿದೆ.

ಮೊದಲ ದಿನದ ಪಾಠಕ್ಕೆ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತೆ. ಸವಿತಾ ಹೊಸ ನೋಟ್‌ಬುಕ್ ತೆಗೆದು ಮೇಲೆ ದೇವರ ಹೆಸರು ಬರೆದಳು. ಅವಳ ಪಠ್ಯಪುಸ್ತಕವನ್ನು ನಾನು ಮುಚ್ಚಿಸಿದೆ. ಪುಸ್ತಕ ನೋಡಿ ಕಲಿಸುವವನು ಮೇಷ್ಟ್ರೇ ಅಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು.

"ಮಾಮಾ, ಈ ಮೋಲ್ ಅಂದ್ರ ಏನಂತ ಎರಡು ವರ್ಷಾತು, ನನಗ ತಿಳಿದಿಲ್ಲ" ಎಂದಳು.

"ಭಾಳ ಸರಳ ಐತಿ. ಯಾವುದs ಪದಾರ್ಥ ಇರಲಿ, ಒಂದು ಮೋಲ್ ಅಂದ್ರ ಇಪ್ಪತ್ತೆರಡು ಪಾಯಿಂಟ್ ನಾಲ್ಕು ಲೀಟರ್."

"ಯಾವುದ ಇದ್ರೂ?"

"ಯಾವುದ ಇದ್ರೂ."

"ನೀರೂ?"

"ನೀರೂ."

ಸವಿತಾ ಬರೆದುಕೊಂಡಳು. ನಂತರ ಪೆನ್ನಿನ ತುದಿಯಿಂದ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಮಾಮಾ, ಒಂದು ಮೋಲ್ ನೀರು ಹದಿನೆಂಟು ಗ್ರಾಂ ಅಂತ ಕ್ಲಾಸಿನ್ಯಾಗ ಹೇಳಿದ್ರು. ಅಂದ್ರ ಇಪ್ಪತ್ತೆರಡು ಲೀಟರ್ ನೀರು ಹದಿನೆಂಟು ಗ್ರಾಂ ತೂಗತದೇನ್ರಿ?"

ಅಡುಗೆಮನೆಯಲ್ಲಿ ಶೈಲಾ ನಳದ ನೀರನ್ನು ಕೊಡಕ್ಕೆ ತುಂಬಿಸುತ್ತಿದ್ದಳು. ಅವಳು ತುಂಬಿದ ಕೊಡವನ್ನು ಎತ್ತಿ ಕಟ್ಟೆಯ ಮೇಲಿಟ್ಟು, ಸೊಂಟ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಹಂಗಿದ್ರ ನಾಳಿಯಿಂದ ನೀರು ನೀವs ಹೊರ್ರಿ" ಎಂದಳು.

ರಸಾಯನಶಾಸ್ತ್ರದ ನೀರು ಬೇರೆ, ನಳದ ನೀರು ಬೇರೆ ಎಂದು ನಾನು ಗಂಭೀರವಾಗಿ ವಿವರಿಸಿದೆ. ಆ ಇಪ್ಪತ್ತೆರಡು ಪಾಯಿಂಟ್ ನಾಲ್ಕು ಲೀಟರು ಅನಿಲಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನನಗೆ ನೆನಪಾದದ್ದು ಮರುದಿನ ಹಲ್ಲುಜ್ಜುವಾಗ. ಆದರೆ ಹೇಳಿದ್ದನ್ನು ಹಿಂತೆಗೆದುಕೊಂಡರೆ ಶಿಷ್ಯೆಯ ಆತ್ಮವಿಶ್ವಾಸ ಕುಸಿಯಬಹುದು ಎಂದು ಸುಮ್ಮನಾದೆ. ಯಾರ ಆತ್ಮವಿಶ್ವಾಸದ ಬಗ್ಗೆ ನನಗೆ ಕಾಳಜಿಯಿತ್ತು ಎಂಬುದನ್ನು ಈಗ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ದಿನ ಆಮ್ಲ ಮತ್ತು ಪ್ರತ್ಯಾಮ್ಲ. ಬಾಯಿಮಾತಿಗಿಂತ ಪ್ರಯೋಗವೇ ಸರಿ ಎಂದು ತೀರ್ಮಾನಿಸಿ ಒಂದು ಲೋಟದಲ್ಲಿ ಅರಿಶಿನ ಕಲಸಿದೆ. "ಇದಕ್ಕ ಹುಳಿ ಹಾಕಿದ್ರ ಕೆಂಪಾಗತೈತಿ. ನೋಡ್ಕೋತ ಇರು" ಎಂದು ಒಂದು ನಿಂಬೆಹಣ್ಣು ಹಿಂಡಿದೆ. ಹಳದಿ ಹಳದಿಯಾಗಿಯೇ ಉಳಿಯಿತು. ಎರಡನೆಯದು ಹಿಂಡಿದೆ. ನಾಲ್ಕನೆಯದನ್ನು ಹಿಂಡುವಾಗ ಲೋಟ ಉರುಳಿ ನನ್ನ ಬಿಳಿ ಅಂಗಿಯ ಮೇಲೆ ಬಿತ್ತು.

"ಇವತ್ತಿನ ಚಿತ್ರಾನ್ನದ ನಿಂಬಿಹಣ್ಣು ಎಲ್ಲಾ ಹೋದೂ" ಎಂದಷ್ಟೇ ಹೇಳಿ ಶೈಲಾ ಅಂಗಿ ಬಿಚ್ಚಿಸಿಕೊಂಡು ಹಿತ್ತಲಿನ ಕಲ್ಲಿಗೆ ಒಯ್ದಳು. ಎರಡು ನಿಮಿಷಕ್ಕೆ ಅಲ್ಲಿಂದ ಕರೆದಳು. ಅವಳು ಸಾಬೂನು ತಿಕ್ಕಿದ ಜಾಗವೆಲ್ಲ ರಕ್ತ ಬಿದ್ದಂತೆ ಕೆಂಪಾಗಿತ್ತು.

ಸವಿತಾ ನೋಟ್‌ಬುಕ್ ಹಿಡಿದುಕೊಂಡೇ ಹಿತ್ತಲಿಗೆ ಓಡಿದ್ದಳು. ಬಗ್ಗಿ ಅಂಗಿಯನ್ನು ನೋಡಿ ಮೆಲ್ಲಗೆ, "ಸಾಬೂನು ಪ್ರತ್ಯಾಮ್ಲ. ಅರಿಷಿಣ ಪ್ರತ್ಯಾಮ್ಲಕ್ಕ ಕೆಂಪಾಗತದ, ಹುಳಿಗಲ್ಲ" ಎಂದಳು.

"ಇದನ್ನ ನೀನs ಕಂಡು ಹಿಡೀಲಿ ಅಂತ ಸುಮ್ಮನಿದ್ದೆ" ಎಂದೆ, ಬನಿಯನ್ನಿನಲ್ಲಿ ನಿಂತು.

ಅವಳು "ಹೌದ್ರಿ ಮಾಮಾ" ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಅದರಿಂದ ನನಗೆ ಸಮಾಧಾನವಾಯಿತು. ಆಗಬಾರದಿತ್ತು.

ಶನಿವಾರ ಸವಿತಾ ಊರಿಗೆ ಹೊರಟಳು. ಅವಳ ಹಾಗೆಯೇ ಈ ವಿಷಯದಲ್ಲಿ ಸಿಕ್ಕಿಹಾಕಿಕೊಂಡ ಇಬ್ಬರು ಸಹಪಾಠಿಗಳಿದ್ದರು. ಕಣಕುಂಬಿಯ ಪಾರ್ವತಿ, ಬೀಡಿ ಎಂಬ ಊರಿನ ಮಹಾದೇವಿ. ಮನೆ, ಮಕ್ಕಳು, ದನ ಬಿಟ್ಟು ಬೆಳಗಾವಿಯಲ್ಲಿ ಬಂದಿರಲು ಅವರಿಗೆ ಆಗುವಂತಿರಲಿಲ್ಲ. ಭಾನುವಾರ ಮೂವರೂ ಸವಿತಾಳ ಮನೆಯಲ್ಲಿ ಕೂಡಿ ಓದುವುದೆಂದು ಮಾತಾಗಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ. "ನಾನೂ ಬರತೀನಿ" ಎಂದು ನಾನೇ ಹೇಳಿದೆ. ಸವಿತಾ ಅಕ್ಕನ ಮುಖ ನೋಡಿದಳು. ಅಕ್ಕ ಗೋಡೆಯ ಮುಖ ನೋಡಿದಳು.

ಖಾನಾಪುರದ ಆ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಗೋಡೆಗೆ ಒಂದು ಕರಿಹಲಗೆ ಒರಗಿಸಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರು ಹೆಂಗಸರು ಎದ್ದು ನಿಂತು "ನಮಸ್ಕಾರ್ರಿ ಸರ" ಎಂದರು. ಪಾರ್ವತಿಯ ಮನೆಮಾತು ಮರಾಠಿ. ಬೆಳಗಿನ ಮೊದಲ ಬಸ್ಸು ಹಿಡಿದು ಕಾಡುದಾರಿಯಲ್ಲಿ ಬಂದಿದ್ದಳು. ಮಹಾದೇವಿ ಕೈಗೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಸರ ಎಂಬ ಆ ಒಂದು ಶಬ್ದಕ್ಕೆ ನಾನು ಏನು ಬೇಕಾದರೂ ಕಲಿಸುವ ಸ್ಥಿತಿಯಲ್ಲಿದ್ದೆ.

ಅಂದಿನ ವಿಷಯ ಸಮೀಕರಣಗಳನ್ನು ಸರಿದೂಗಿಸುವುದು. ಎಡಗಡೆ ಎಷ್ಟು ಪರಮಾಣುಗಳಿವೆಯೋ ಬಲಗಡೆಯೂ ಅಷ್ಟೇ ಇರಬೇಕು. ನಾನು ಕಬ್ಬಿಣ ತುಕ್ಕು ಹಿಡಿಯುವುದನ್ನೇ ಆರಿಸಿಕೊಂಡೆ. ಎಡಗಡೆ ಕಬ್ಬಿಣ ಮತ್ತು ಆಮ್ಲಜನಕ ಬರೆದೆ. ಬಲಗಡೆ FeO ಎಂದು ಬರೆದೆ. ಎಡಗಡೆ ಆಮ್ಲಜನಕ ಎರಡು, ಬಲಗಡೆ ಒಂದೇ. ನಾನು ಕ್ಷಣವೂ ತಡಮಾಡದೆ ಬಲಗಡೆಯ O ಕೆಳಗೆ ಸಣ್ಣ ಎರಡನ್ನು ಕೂಡಿಸಿ FeO₂ ಮಾಡಿದೆ.

"ಆತು. ಎರಡೂ ಬಾಜು ಸಮ" ಎಂದೆ.

ಪಾರ್ವತಿ ಬಹಳ ಹೊತ್ತು ಹಲಗೆ ನೋಡಿದಳು. "ಸರ, ತುಕ್ಕು ಅಂದ್ರ Fe₂O₃ ಅಂತ ಪುಸ್ತಕದಾಗ ನೋಡಿದಂಗ ಅದ" ಎಂದಳು.

"ಪಾರ್ವತಿಬಾಯಾರ, ನಾ ಇಪ್ಪತ್ತೇಳು ವರ್ಷ ಕಬ್ಬಿಣದಾಗ ಅದೀನಿ. ತುಕ್ಕಿನ ಮಾತು ನನಗ ಬಿಡ್ರಿ."

"ಹೌದ್ರಿ ಸರ" ಎಂದು ಅವಳು ತಲೆ ತಗ್ಗಿಸಿ ಬರೆದುಕೊಂಡಳು. ಅದೇ ರೀತಿಯಲ್ಲಿ ನಾನು ಒಟ್ಟು ಹನ್ನೆರಡು ಸಮೀಕರಣಗಳನ್ನು ಬಿಡಿಸಿದೆ. ಎಲ್ಲಿ ಸರಿಹೋಗಲಿಲ್ಲವೋ ಅಲ್ಲಿ ಒಂದು ಸಣ್ಣ ಅಂಕಿ ಕೂಡಿಸಿದೆ. ಅಷ್ಟು ವೇಗವಾಗಿ ಯಾವ ಮೇಷ್ಟ್ರೂ ಬಿಡಿಸಿರಲಿಕ್ಕಿಲ್ಲ. ಮೂವರೂ ಹಾಗೆಯೇ ಬರೆದುಕೊಂಡರು. ಊಟವಾದ ಮೇಲೆ ಬಸ್ ಸ್ಟ್ಯಾಂಡಿನ ತನಕ ಬಂದು ಕಳಿಸಿಕೊಟ್ಟರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಹೊತ್ತು ಹೋಗಲೆಂದು, ಮೊದಲ ದಿನ ಸವಿತಾಳಿಂದ ತೆಗೆದುಕೊಂಡು ಚೀಲದಲ್ಲೇ ಇಟ್ಟಿದ್ದ ಪಠ್ಯಪುಸ್ತಕವನ್ನು ತೆಗೆದೆ. ಆ ವಾರದಲ್ಲಿ ಅದನ್ನು ನಾನು ತೆರೆದದ್ದು ಅದೇ ಮೊದಲು. ಸಮೀಕರಣದ ಪಾಠದ ಆರಂಭದಲ್ಲೇ ದಪ್ಪ ಅಕ್ಷರದಲ್ಲಿತ್ತು: ಸರಿದೂಗಿಸುವಾಗ ಪದಾರ್ಥದ ಸೂತ್ರವನ್ನು ಎಂದಿಗೂ ಬದಲಿಸಬಾರದು, ಸೂತ್ರದ ಮುಂದಿನ ಅಂಕಿಯನ್ನು ಮಾತ್ರ ಬದಲಿಸಬೇಕು. ಕೆಳಗೆ ಉದಾಹರಣೆ. ಕಬ್ಬಿಣದ ತುಕ್ಕು.

ನಾನು ಮಾಡಿದ್ದು ಏನೆಂದರೆ, ನಲವತ್ತು ಗಾಲಿ ಕೇಳಿದ ಗಿರಾಕಿಗೆ ಮೂವತ್ತೊಂಬತ್ತು ಇದ್ದರೆ ಇನ್ನೊಂದು ಗಾಲಿ ಹಾಕುವ ಬದಲು ಒಂದು ಬಾಣಲೆ ಹಾಕಿ ಎಣಿಕೆ ಸರಿಮಾಡಿ ಕಳಿಸಿದ ಹಾಗೆ. ಫೌಂಡ್ರಿಯಲ್ಲಿ ಹೀಗೆ ಮಾಡಿದ್ದರೆ ನಾನು ಅಲ್ಲಿ ಒಂದು ವಾರವೂ ಇರುತ್ತಿರಲಿಲ್ಲ. ಪರೀಕ್ಷೆ ಮಂಗಳವಾರ. ಮೂರು ಜನ ಹೆಂಗಸರ ನೋಟ್‌ಬುಕ್ಕಿನಲ್ಲಿ ಅಕ್ಷರಶಃ ನನ್ನ ಮಾತುಗಳು. ಮೂವರಿಗೂ ಇದೇ ಕೊನೆಯ ಅವಕಾಶ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ.

ದಾರಿಯ ನಡುವೆ ಗಣೇಬೈಲಿನ ಹತ್ತಿರ ಎದ್ದು ನಿಂತೆ. "ಇಲ್ಲೇ ಇಳಸ್ರಿ."

"ಬೆಳಗಾವಿ ಟಿಕೆಟ್ ತಗೊಂಡೀರಲ್ರಿ?" ಎಂದ ಕಂಡಕ್ಟರ್.

"ತಪ್ಪಾಗೇತಿ."

"ಯಾರದು?"

"ನಂದs."

ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಒಂದು ಟೆಂಪೋ ಹಿಡಿದು ಖಾನಾಪುರಕ್ಕೆ ಮರಳಿದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಬಂದೆ. ಸವಿತಾಳ ಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಅವಳ ಧ್ವನಿ ಕೇಳಿಸಿತು.

"ಸೂತ್ರ ಮುಟ್ಟಬಾರದು. ಮುಂದಿನ ಅಂಕಿ ಅಷ್ಟ ಬದಲ ಮಾಡಬೇಕು. ಪಾರ್ವತಿ, ಈಗ ಎಡಗಡೆ ಆಕ್ಸಿಜನ್ ಎಷ್ಟಾದೂ?"

"ಆರು."

"ಬಲಗಡೆ?"

"ಸಹಾ... ಆರು" ಎಂದು ಪಾರ್ವತಿ ಮರಾಠಿಯ ಎಣಿಕೆಯನ್ನು ಕನ್ನಡಕ್ಕೆ ತಿರುಗಿಸಿದಳು.

ನಾನು ಒಳಗೆ ಇಣುಕಿದೆ. ನನ್ನ ಹನ್ನೆರಡು ಸಮೀಕರಣಗಳನ್ನು ಒರೆಸಿ ಹಾಕಲಾಗಿತ್ತು. ಹಲಗೆಯ ಮೇಲೆ ಸವಿತಾಳ ದುಂಡು ಅಕ್ಷರದಲ್ಲಿ 4Fe + 3O₂ → 2Fe₂O₃ ಎಂದಿತ್ತು. ನನ್ನನ್ನು ನೋಡಿ ಮೂವರೂ ಗಾಬರಿಯಿಂದ ಎದ್ದರು. ಸವಿತಾ ಸೀಮೆಸುಣ್ಣವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ನಾ ಹೇಳಿದ್ದು ತಪ್ಪು. ಹನ್ನೆರಡೂ ತಪ್ಪು. ಅದನ್ನ ಹೇಳಾಕ ಬಂದೆ" ಎಂದೆ.

ಪಾರ್ವತಿ ಸಂಕೋಚದಿಂದ, "ಹನ್ನೊಂದ ರೀ ಸರ. ಒಂದು ಸರಿ ಇತ್ತು" ಎಂದಳು.

"ಯಾವುದು?"

"ಕಾರ್ಬನ್ ಸುಡೂದು. ಅದು ಮೊದಲs ಸಮ ಇತ್ತು. ಅದಕ್ಕ ನೀವು ಏನೂ ಮಾಡಲಿಲ್ಲ."

"ಮತ್ತ ಆವಾಗ ಯಾಕ ಹೇಳಲಿಲ್ಲ?" ಎಂದು ಸವಿತಾಳನ್ನು ಕೇಳಿದೆ.

ಅವಳು ಸೀಮೆಸುಣ್ಣವನ್ನು ಸೆರಗಿನಿಂದ ಹೊರಗೆ ತೆಗೆದಳು. "ಹೆಂಗ ಹೇಳೂದ್ರಿ ಮಾಮಾ? ನನ್ನ ಸಲುವಾಗಿ ರಜಾ ಹಾಕಿ ಕುಂತ್ರಿ. ನಮ್ಮ ಪೈಕಿ ಇಷ್ಟು ಮಾಡಿದಾವ್ರು ಯಾರದಾರ? ನೀವು ಏನರ ಹೇಳಿದ ಕೂಡಲೇ ನನಗ ಸಂಶೆ ಬರ್ತಿತ್ತು. ಮುಂಜಾನೆ ಎದ್ದು ಗೆಳತ್ಯಾರ ನೋಟ್ಸಿನ್ಯಾಗ ಹುಡುಕಿ ನೋಡ್ತಿದ್ದೆ. ಖರೇ ಹೇಳ್ತೀನಿ, ಇಷ್ಟು ಎಂದೂ ಓದಿರಲಿಲ್ಲ."

ಇದು ಹೊಗಳಿಕೆಯೋ ಅಲ್ಲವೋ ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮಹಾದೇವಿ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. "ಕುಂದರ್ರಿ ಸರ" ಎಂದಳು. ನಾನು ಕುಳಿತೆ. ಸವಿತಾ ಮೊದಮೊದಲು ನನ್ನ ಕಡೆ ನೋಡಲು ನಾಚಿದಳು, ಆಮೇಲೆ ಮರೆತಳು. ಅವಳು ಪ್ರತಿಯೊಂದನ್ನೂ ಎರಡೆರಡು ಸಲ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಪಾರ್ವತಿಗಾಗಿ ಮರಾಠಿಯಲ್ಲಿ ಹೇಳುತ್ತಿದ್ದಳು. ಕೊಳವೆ ತೊಳೆಯುವ ಹೆಂಗಸು ಎಂದು ಮಾತ್ರ ಗೊತ್ತಿದ್ದ ನನ್ನ ನಾದಿನಿ ಹಲಗೆಯ ಮುಂದೆ ಎಷ್ಟು ನೆಟ್ಟಗೆ ನಿಲ್ಲುತ್ತಾಳೆ ಎಂದು ಅವತ್ತು ಕಂಡೆ. ಒಂದು ಲೆಕ್ಕವನ್ನು ನನಗೂ ಕೊಟ್ಟಳು. ತಪ್ಪಾಯಿತು. ಇನ್ನೊಂದು ಕೊಟ್ಟಳು. ಅದು ಸರಿಯಾಯಿತು. ಪಾರ್ವತಿ "ಶಾಬ್ಬಾಸ್ ಸರ" ಎಂದಳು. ನಿಜವಾಗಿ ಸಂತೋಷವಾಯಿತು.

ಮಂಗಳವಾರ ಮೂವರೂ ಪರೀಕ್ಷೆ ಬರೆದರು. ಮೂವರೂ ಪಾಸಾದರು.

ಮುಂದಿನ ವರ್ಷ ಸವಿತಾ ಕೋರ್ಸ್ ಮುಗಿಸಿದಳು. ಡಾಕ್ಟರರು ಮಾತು ಉಳಿಸಿಕೊಂಡರು. ಈಗ ಆ ದವಾಖಾನೆಯ ಲ್ಯಾಬ್ ಅವಳದೇ. ನನಗೆ ಇತ್ತೀಚೆಗೆ ಬಾಯಾರಿಕೆ ಹೆಚ್ಚಾದಾಗ ಶೈಲಾ ರಕ್ತದ ಸಕ್ಕರೆ ಪರೀಕ್ಷೆಗೆ ಅಲ್ಲಿಗೇ ಕಳಿಸಿದಳು. "ಖಾಲಿ ಹೊಟ್ಟಿಲೆ ಬರ್ರಿ ಮಾಮಾ" ಎಂದು ಸವಿತಾ ಫೋನಿನಲ್ಲಿ ಎರಡು ಸಲ ಹೇಳಿದ್ದಳು.

ಬೆಳಗಿನ ಬಸ್ಸಿಗೆ ಹೋದೆ. ಅವಳು ಬಿಳಿ ಕೋಟು ತೊಟ್ಟು, ನನ್ನ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ ಸೂಜಿ ಕೈಗೆತ್ತಿಕೊಂಡಳು.

"ಏನೂ ತಿಂದಿಲ್ಲಲ್ರಿ?"

"ಏನೂ ಇಲ್ಲ. ಸ್ಟ್ಯಾಂಡಿನ್ಯಾಗ ಒಂದು ಚಹಾ ಅಷ್ಟ."

"ಸಕ್ಕರಿ ಹಾಕಿತ್ತೇನ್ರಿ?"

"ಚಹಾ ಅಂದಮ್ಯಾಲ ಸಕ್ಕರಿ ಇರತೈತಿ. ಅದು ಕರಗಿ ಹೋಗಿರತೈತಲ್ಲ."

ಸವಿತಾ ಸೂಜಿಯನ್ನು ಕೆಳಗಿಟ್ಟಳು. ತೋಳಿನ ಪಟ್ಟಿ ಬಿಚ್ಚಿದಳು. ನಂತರ ಬಾಗಿಲ ಕಡೆ ತಿರುಗಿ, ಸಾಲಿನಲ್ಲಿ ನನ್ನ ಹಿಂದೆ ಇದ್ದ ಅಜ್ಜಿಯನ್ನು ಒಳಗೆ ಕರೆದಳು.

"ನೀವು ನಾಳೆ ಬರ್ರಿ, ಮಾಮಾ."