ಟವೆಲ್ ಬಿದ್ದ ಸೀಟು

ನನ್ನ ಕಾಕಾ ಹಿಡಿದಷ್ಟು ಸೀಟುಗಳನ್ನು ಹಾವೇರಿ ಜಿಲ್ಲೆಯ ಯಾವ ರಾಜಕಾರಣಿಯೂ ಹಿಡಿದಿರಲಿಕ್ಕಿಲ್ಲ. ವ್ಯತ್ಯಾಸ ಒಂದೇ: ಹಿಡಿದ ಸೀಟಿನಲ್ಲಿ ಅವನು ಒಮ್ಮೆಯೂ ಕುಳಿತವನಲ್ಲ!

ನಾನು ಉತ್ಪ್ರೇಕ್ಷೆ ಮಾಡುವವಳಲ್ಲ. ಬ್ಯಾಡಗಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಇದ್ದದ್ದನ್ನು ಇದ್ದಷ್ಟೇ ಹೇಳಿ ರೂಢಿ. ಆದರೂ ಕಾಕಾನ ಸುದ್ದಿ ತೆಗೆದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ "ಸಾಕ್ ಬಿಡ್ರಿ ಟೀಚರ್, ಕಥಿ ಕಟ್ಟಬ್ಯಾಡ್ರಿ" ಎನ್ನುತ್ತಾರೆ. ಆದ್ದರಿಂದ ಇಲ್ಲಿ ನಿಧಾನವಾಗಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಅದರಲ್ಲೊಂದು ಭಾಗವನ್ನು ಈಗಲೂ ನನಗೆ ನಗುತ್ತ ಹೇಳಲಾಗದು. ಅದು ಬಂದಾಗ ಬರಲಿ.

ಕಾಕಾ ನನ್ನ ಅಪ್ಪನ ತಮ್ಮ. ಇರುವುದು ಗುತ್ತಲದಲ್ಲಿ. ಹಾವೇರಿಯಲ್ಲಿ ಬಸ್ಸು ಬದಲಿಸಿ, ಅರ್ಧ ರಸ್ತೆಗೆ ಒಣಹಾಕಿದ ಗೋವಿನಜೋಳವನ್ನು ಡ್ರೈವರು ತುಳಿಯದಂತೆ ತಪ್ಪಿಸುವ ಚಂದ ನೋಡುತ್ತ ಕುಳಿತರೆ ಗುತ್ತಲ ಬರುತ್ತದೆ. ಹೊಳೆ ಹತ್ತಿರ, ನೆಲ ಸಪಾಟು, ಮಣ್ಣು ಕಪ್ಪು. ಬೀಜ-ಗೊಬ್ಬರದ ಅಂಗಡಿಗಳು, ಟ್ರ್ಯಾಕ್ಟರ್ ರಿಪೇರಿಯವರು, ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ಹೊಲ ನೋಡಿಕೊಳ್ಳಲು ತಂಗಿಯ ಮಗ ಬಂದ ಮೇಲೆ ಕಾಕಾನಿಗೆ ಮಧ್ಯಾಹ್ನದ ನಂತರ ಕೆಲಸವಿಲ್ಲ. ಕೆಲಸವಿಲ್ಲದ ಗಂಡಸರು ಕಟ್ಟೆಯ ಮೇಲೆ ಕೂರುತ್ತಾರೆ, ಇಸ್ಪೀಟಾಡುತ್ತಾರೆ, ದೇಶದ ಚಿಂತೆ ಮಾಡುತ್ತಾರೆ. ನನ್ನ ಕಾಕಾ ಬಸ್ ನಿಲ್ದಾಣಕ್ಕೆ ಹೋಗಿ ಮಂದಿಗೆ ಸೀಟು ಹಿಡಿದುಕೊಡುತ್ತಾನೆ!

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆದು ಜಾಗ ಹಿಡಿಯುವ ವಿದ್ಯೆ ನಿಮಗೂ ಗೊತ್ತಿದ್ದೀತು. ಆದರೆ ಕಾಕಾ ಒಗೆಯುವುದನ್ನು ನೋಡದವರಿಗೆ ಆ ವಿದ್ಯೆ ಗೊತ್ತಿದೆ ಎಂದು ನಾನು ಒಪ್ಪುವುದಿಲ್ಲ. ಹೆಗಲ ಮೇಲಿನ ಕೆಂಪು ಅಂಚಿನ ಟವೆಲ್ಲನ್ನು ತೆಗೆದು ಎರಡು ಮಡಿಕೆ ಮಾಡಿ, ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ಓಡಿ, ಮಣಿಕಟ್ಟನ್ನು ಒಮ್ಮೆ ಅಲ್ಲಾಡಿಸಿದರೆ ಮುಗಿಯಿತು. ಟವೆಲ್ ಕಿಟಕಿಯ ಸರಳುಗಳ ನಡುವೆ ಹಾವಿನಂತೆ ನುಸುಳಿ, ಒಳಗೆ ಹೋಗಿ ಬಿಚ್ಚಿಕೊಂಡು, ಹಾಸಿದಂತೆ ಸೀಟಿನ ಮೇಲೆ ಮಲಗುತ್ತಿತ್ತು.

ಯಾರಿಗೆ ಹಿಡಿಯುವುದು? ಕೇಳಿದವರಿಗಲ್ಲ. ಆರಿಸುವವನು ಕಾಕಾ. ಕೈಕೂಸಿನವಳು, ಬಸುರಿ, ಮೊಣಕಾಲು ಹಿಡಿದುಕೊಂಡು ನಿಂತ ಮುದುಕ. ಸೀಟು ಸಿಕ್ಕವರು ಕುಳಿತು, ಕಿಟಕಿಯಿಂದ ಟವೆಲ್ಲನ್ನು ಮರಳಿ ಕೊಡಬೇಕು. ಥ್ಯಾಂಕ್ಸ್ ಹೇಳಿದರೆ ಸಿಟ್ಟು ಬರುತ್ತಿತ್ತು. "ಅದು ನಮ್ಮಪ್ಪನ ಬಸ್ಸೇನು?"

ಟವೆಲ್ ಬಿತ್ತೆಂದರೆ ಕಾಯಿದೆ ಬಿತ್ತು. ಬೇರೆಯವರು ಹಾಕಿದ ಟವೆಲ್ಲಾದರೂ ಅಷ್ಟೇ. ಅದನ್ನು ಸರಿಸಿ ಕುಳಿತವರನ್ನು ಕಾಕಾ ಎಬ್ಬಿಸದೆ ಬಿಟ್ಟದ್ದಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಗದ್ದಲ ಹೆಚ್ಚಿತು. ವ್ಯಾನಿಟಿ ಬ್ಯಾಗು, ನೀರಿನ ಬಾಟಲಿ, ಕಡೆಗೆ ಆಧಾರ್ ಕಾರ್ಡೂ ಕಿಟಕಿಯಿಂದ ಒಳಗೆ ಹಾರತೊಡಗಿದವು. ಒಂದು ದಿನ ಒಬ್ಬಳು ಕಾಕಾನ ಟವೆಲ್ಲನ್ನು ಸರಿಸಿ ಕುಳಿತು ಜಗಳಕ್ಕೇ ನಿಂತಳು.

"ಯಜ್ಜಾ, ನಿನ್ನ ಟವೆಲ್ಲಿಗೆ ಟಿಕೆಟ್ ಐತೇನು?"

"ಅದಕ್ಕೂ ನಿನ್ನಂಗ ಫ್ರೀ ಐತೆವಾ! ಏಳ್ ಏಳ್."

ಇಡೀ ಬಸ್ಸು ನಕ್ಕಿತು. ಅವಳೂ ನಕ್ಕು ಎದ್ದಳು.

ರೂಢಿ ಎಷ್ಟು ಗಟ್ಟಿಯೆಂದರೆ, ಮಗಳ ಮದುವೆಯಾಗಿ ಅವಳನ್ನು ಕಳಿಸಿಕೊಡುವ ಹೊತ್ತಿನಲ್ಲಿ, ಎಲ್ಲರೂ ಅಳುತ್ತಿದ್ದಾಗ, ಕಾಕಾ ಹೂವಿನಿಂದ ಸಿಂಗರಿಸಿದ ಕಾರಿನ ಕಿಟಕಿಯೊಳಗೆ ಟವೆಲ್ ಒಗೆದುಬಿಟ್ಟ! ಮದುಮಗ ಪಾಪ, ಯಾರೋ ಹಿರಿಯರು ಜಾಗ ಹಿಡಿದಿದ್ದಾರೆಂದು ಬಾಸಿಂಗ ಕಟ್ಟಿಕೊಂಡೇ ಹೊರಗೆ ನಿಂತಿದ್ದ.

"ಮಂದಿಗೆಲ್ಲಾ ಸೀಟ್ ಹಿಡದ್ ಹಿಡದ್ ಕೊಡ್ತಾರ," ಎಂದು ಚಿಗವ್ವ, ಅಂದರೆ ಕಾಕಾನ ಹೆಂಡತಿ, ನನ್ನ ಮುಂದೆ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು. "ನನ್ನ ಕರಕೊಂಡ್ ಒಮ್ಮೆರ ಬಸ್ ಹತ್ಯಾರೇನು ಕೇಳು."

"ನಾ ಕುಂತ್ರ ಒಂದ್ ಸೀಟ್ ಹಾಳು," ಎಂದು ಪಡಸಾಲೆಯಿಂದ ಉತ್ತರ ಬರುತ್ತಿತ್ತು. ಹಾವೇರಿಗೆ ಹೋಗುವುದಿದ್ದರೆ ಅವನು ಯಾರದೋ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಹೋಗುತ್ತಿದ್ದ. ಬಸ್ಸು ಎಂಬುದು ಅವನಿಗೆ ಬೇರೆಯವರನ್ನು ಕೂರಿಸುವ ವಾಹನ.

ಕಳೆದ ವರ್ಷದಿಂದ ಟವೆಲ್ಲಿನ ಗುರಿ ತಪ್ಪತೊಡಗಿತು. ಮೊದಲು ಕಂಡಕ್ಟರನ ತಲೆಯ ಮೇಲೆ ಬಿತ್ತು. ಆಮೇಲೊಮ್ಮೆ ನೇರವಾಗಿ ಡ್ರೈವರನ ತೊಡೆಯ ಮೇಲೆ.

"ಯಜ್ಜಾ, ನನ್ನ ಸೀಟೂ ಹಿಡದ್ಯಾ?" ಎಂದ ಡ್ರೈವರು. "ಮತ್ತ ನಾ ಎಲ್ಲಿ ಕುಂದರ್ಲಿ?"

"ಮೊದಲ ನೀ ಬಸ್ ಸರಿ ನಿಲ್ಲಿಸೋದ್ ಕಲಿ!" ಎಂದು ಕಾಕಾ ಅವನ ಮೇಲೆಯೇ ರೇಗಿದ.

ಮನೆಯಲ್ಲಿ ಕಾರಣ ಬೇರೆಯಾಯಿತು. ಹೊಸ ಬಸ್ಸುಗಳ ಕಿಟಕಿ ಸಣ್ಣವು ಮಾಡಿದ್ದಾರಂತೆ!

"ಕಿಡಕಿ ಸಣ್ಣ ಆಗ್ಯಾವೋ, ನಿಮ್ಮ ಕಣ್ಣ ಮಬ್ಬ ಆಗ್ಯಾವೋ?" ಎಂದಳು ಚಿಗವ್ವ. "ಮೊನ್ನೆ ಶೇಂಗಾ ಚಟ್ನಿ ಅಂತ ಒಲಿ ಮುಂದಿನ ಬೂದಿಗೆ ಕೈ ಹಾಕಿದ್ರಲ್ಲ, ಆ ಬೂದಿನೂ ಸಣ್ಣ ಆಗಿತ್ತೇನು?"

ನಾನು ನಕ್ಕೆ. ನಗಬಾರದಿತ್ತು ಎಂದು ಮರುದಿನ ತಿಳಿಯಿತು.

ಮರುದಿನ ಸಂತೆ. ನಾನು ಬ್ಯಾಡಗಿಗೆ ಹೊರಟಿದ್ದೆ. ಕಾಕಾ ಸೀಟು ಹಿಡಿಯಲು ಬಂದಿದ್ದ. ನಿಲ್ದಾಣದ ತುಂಬ ಜನ. ಬಸ್ಸು ಒಳಗೆ ಬಂದು, ತಿರುಗಿಕೊಳ್ಳಲು ಹಿಂದಕ್ಕೆ ಬರತೊಡಗಿತು. ಕಾಕಾ ಎಂದಿನಂತೆ ಓಡಿದ, ಎಂದಿನಂತೆ ಒಗೆದ. ಟವೆಲ್ ಕಿಟಕಿಯ ಕೆಳಗಿನ ತಗಡಿಗೆ ಬಡಿದು, ಜಾರಿ, ಹಿಂದಿನ ಗಾಲಿಯ ಹತ್ತಿರ ಬಿತ್ತು. ಅದನ್ನು ತೆಗೆದುಕೊಳ್ಳಲು ಅವನು ಬಗ್ಗಿದ. ಬಸ್ಸು ನಿಂತಿದೆ ಎಂದು ತಿಳಿದಿದ್ದ. ಬಸ್ಸು ನಿಂತಿರಲಿಲ್ಲ.

ನಾನು ಜನರನ್ನು ತಳ್ಳಿಕೊಂಡು ಅತ್ತ ಓಡಿದೆ. ಗಾಲಿ ಟವೆಲ್ಲಿನ ಒಂದು ತುದಿಯ ಮೇಲೆ ಹತ್ತುವುದು ಕಂಡಿತು. ಇನ್ನೊಂದು ತುದಿ ಕಾಕಾನ ಕೈಯಲ್ಲಿತ್ತು. ಅವನು ಅದನ್ನು ಎಳೆಯುತ್ತಿದ್ದ. ಅಷ್ಟರಲ್ಲಿ ನಿಲ್ದಾಣದಲ್ಲಿ ಹೂ ಮಾರುವವಳು ತನ್ನ ಬುಟ್ಟಿಯನ್ನು ಬಿಟ್ಟು ಓಡಿಬಂದು, ಎರಡೂ ಅಂಗೈಗಳಿಂದ ಬಸ್ಸಿನ ಬೆನ್ನಿಗೆ ಬಡಿಬಡಿದು "ಹೋಲ್ಡಾನ್! ಹೋಲ್ಡಾನ್!" ಎಂದು ಚೀರಿದಳು. ಬಸ್ಸು ನಿಂತಿತು.

ಗಾಲಿಗೂ ಅವನ ಬೆರಳುಗಳಿಗೂ ನಡುವೆ ಎಷ್ಟು ಜಾಗವಿತ್ತೆಂದು ನಾನು ನೋಡಿದ್ದೇನೆ. ಗಣಿತದವಳಾದರೂ ಅದನ್ನು ಅಳೆದು ಹೇಳುವ ಮನಸ್ಸಿಲ್ಲ.

ಡ್ರೈವರು ಇಳಿದು ಬಂದ. ಅವನಿಗೆ ಕಾಕಾ ಹೇಳಿದ್ದಿಷ್ಟೇ.

"ಒಂಚೂರು ಮುಂದ ತಗೋಪಾ. ಟವೆಲ್ ಸಿಕ್ಕೈತಿ."

ಅಂದು ನಾನು ಬ್ಯಾಡಗಿಗೆ ಹೋಗಲಿಲ್ಲ. ಗುತ್ತಲದ ಶಾಲೆಯಲ್ಲಿ ಕಣ್ಣಿನ ತಪಾಸಣೆ ಶಿಬಿರ ನಡೆದಾಗ ಮತ್ತೆ ಬಂದು ಅವನನ್ನು ಎಳೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಹಾವೇರಿಗೆ ಬನ್ನಿ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ತಡಮಾಡಬೇಡಿ ಎಂದರು ಡಾಕ್ಟರು.

ತಡಮಾಡಲು ಕಾಕಾನ ಹತ್ತಿರ ಎಷ್ಟು ಕಾರಣಗಳಿದ್ದವು! ಹತ್ತಿ ಬಿಡಿಸುವುದಿದೆ. ಎಮ್ಮೆ ಕರು ಹಾಕುವುದಿದೆ. ಬಿಸಿಲು ಜಾಸ್ತಿ, ಬಿಸಿಲಿಲ್ಲದಿದ್ದರೆ ಮೋಡ. ಬಾಡಿಗೆ ಕಾರು ತರಿಸುತ್ತೇನೆ ಎಂದೆ. "ಒಂದ್ ಕಣ್ಣಿನ ಪೊರಿ ತಗೀಲಿಕ್ಕೆ ಇಡೀ ಕಾರ್ ಬೇಕೇನು? ಮದುವಿ ಮಾಡಾಕತ್ತೀರೇನು ನನಗ?" ಎಂದ.

ಚಿಗವ್ವ ಹಿತ್ತಲಿಗೆ ಹೋದ ಮೇಲೆ ಕಾಕಾ ನನ್ನ ಹತ್ತಿರ ಸರಿದು ಕುಳಿತ. ದನಿ ಸಣ್ಣದಾಗಿತ್ತು.

"ತಂಗಿ, ಈಗ ಮಬ್ಬಾದ್ರೂ ಬಸ್ಸಿನ ಬಣ್ಣ ಕಾಣತೈತಿ. ಚಾಕು ಹಾಕಿ ಅದೂ ಹೋತಂದ್ರ?"

ಇಷ್ಟು ವರ್ಷದಲ್ಲಿ ಅವನು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಗಾಲಿಯ ಕೆಳಗೂ ಹೆದರಿರಲಿಲ್ಲ. "ಹಾಂಗಾಗಾಂಗಿಲ್ಲ ಕಾಕಾ" ಎಂದೆ. ನನಗೇ ಆ ಮಾತು ಸಾಲಲಿಲ್ಲ.

ಕೊನೆಗೆ ಒಪ್ಪಿದ. ಷರತ್ತು ಕೇಳಿ: ಬಸ್ಸಿನಲ್ಲೇ ಬರುತ್ತೇನೆ, ಆದರೆ ಹಾವೇರಿಯವರೆಗೂ ನಿಂತು! "ನಾ ಕುಂತ್ರ ಒಂದ್ ಸೀಟ್ ಹಾಳು." ಆಪರೇಷನ್ನಿಗೆ ಹೋಗುವ ಮುದುಕ ಯಾರಿಗೋ ಸೀಟು ಉಳಿಸಲು ಹೊರಟಿದ್ದ. ಚಿಗವ್ವ ಇದನ್ನು ಹೂ ಮಾರುವವಳ ಮುಂದೆಯೂ ಹೇಳಿ ಗೋಳಾಡಿದ್ದಳು.

ಆ ಬೆಳಿಗ್ಗೆ ನಾನು, ಚಿಗವ್ವ, ಕಾಕಾ ನಿಲ್ದಾಣಕ್ಕೆ ಹೋದೆವು. ಹೂ ಮಾರುವವಳು ನಮ್ಮನ್ನು ನೋಡಿ ಎದ್ದು, ಯಾರಿಗೋ ಏನೋ ಸನ್ನೆ ಮಾಡಿದಳು. ನನಗೆ ತಿಳಿಯಲಿಲ್ಲ. ಬಸ್ಸು ಬಂತು. ಕಾಕಾ ತಾನು ಹತ್ತದೆ ಬಾಗಿಲ ಬಳಿ ನಿಂತು, "ಹತ್ತರ್ರಿ, ಲಗೂ ಹತ್ತರ್ರಿ" ಎಂದು ಎಲ್ಲರನ್ನೂ ಒಳಗೆ ಬಿಟ್ಟು ಕಡೆಗೆ ನಮ್ಮೊಡನೆ ಹತ್ತಿದ.

ಒಳಗೆ ಬಂದವಳು ನಾನು ಅಲ್ಲೇ ನಿಂತುಬಿಟ್ಟೆ. ಬಸ್ಸು ತುಂಬಿತ್ತು. ಆದರೆ ಒಬ್ಬರೂ ಕುಳಿತಿರಲಿಲ್ಲ! ಕೈಕೂಸಿನವಳೂ ನಿಂತಿದ್ದಳು, ಮೊಣಕಾಲಿನ ಮುದುಕನೂ ಕಂಬ ಹಿಡಿದು ನಿಂತಿದ್ದ. ಸೀಟುಗಳೆಲ್ಲ ಖಾಲಿ. ಪ್ರತಿಯೊಂದರ ಮೇಲೂ ಏನಾದರೊಂದು ಹಾಸಿತ್ತು: ಟವೆಲ್, ಕರ್ಚೀಫು, ಮಫ್ಲರು, ಯಾವಳದೋ ಮಗುವಿನ ದುಪ್ಪಟಿ. ಒಂದರ ಮೇಲೆ ಒಂದು ಮೊಳ ಮಲ್ಲಿಗೆ.

ಕಾಕಾನಿಗೆ ಇದೇನೂ ಕಾಣುವಂತಿರಲಿಲ್ಲ. "ಇವತ್ತ ಭಾಳ ಗದ್ಲ ಐತಿ" ಎಂದು ಹೇಳುತ್ತ, ಆನಿಕೆಗೆಂದು ಪಕ್ಕದ ಸೀಟಿನ ಮೇಲೆ ಕೈಯಿಟ್ಟ. ಬಟ್ಟೆ ತಾಗಿತು. ಕೈ ಹಿಂದೆ ತೆಗೆದ. "ಇದು ಯಾರೋ ಹಿಡದ ಸೀಟು."

"ನೀವು ಕುಂದರ್ರಿ ಅಜ್ಜಾ," ಎಂದಿತು ಒಂದು ದನಿ.

"ಟವೆಲ್ ಐತಿ. ಹೆಂಗ್ ಕುಂದರ್ಲಿ?" ಎಂದು ಮುಂದೆ ಸರಿದ. ಅಲ್ಲಿಯೂ ಕೈಯಿಟ್ಟ, ಬಟ್ಟೆ. ಅದರಾಚೆಗೂ ಬಟ್ಟೆ. "ಇದೇನ್ ಬಸ್ಸೋ, ಜವಳಿ ಅಂಗಡಿಯೋ? ಎಲ್ಲಾರೂ ಹಿಡದ್ ಹೋಗ್ಯಾರೆಲ್ಲಿ?"

ಕಂಡಕ್ಟರು ಬಾಗಿಲಲ್ಲಿ ನಿಂತು ನಮ್ಮ ಕಡೆ ನೋಡುತ್ತಿದ್ದ. ಸೀಟಿ ಊದಲಿಲ್ಲ. ಕಾಕಾ ಮತ್ತೊಂದು ಸೀಟನ್ನು ಮುಟ್ಟಿ ಮತ್ತೆ ಕೈ ಹಿಂತೆಗೆದ. ತನ್ನದೇ ಕಾಯಿದೆಯಲ್ಲಿ ತಾನೇ ಸಿಕ್ಕಿಬಿದ್ದಿದ್ದ ಮಹಾರಾಯ!

ಚಿಗವ್ವ ಅವನ ತೋಳು ಹಿಡಿದಳು. "ಎಲ್ಲಾ ನಿಮಗ ಹಿಡದದ್ರೀ. ಯಾವುದರ ಒಂದ್ರಾಗ ಕುಂದರ್ರಿ. ಪಾಪ, ಮಂದಿಗೆ ಕಾಲ್ ನೋಯಾಕತ್ತಾವ."

ಕಾಕಾ ಮೆಲ್ಲಗೆ ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತ. ಬಸ್ಸಿನ ಜನವೆಲ್ಲ ಒಮ್ಮೆಲೇ ಉಸ್ಸೆಂದು ಕುಳಿತರು. ದಾರಿಯಲ್ಲಿ ಅವನು ಕೆಳಗಿದ್ದ ಟವೆಲ್ಲನ್ನು ಎಳೆದುಕೊಂಡು ಎರಡು ಸಲ ಮುಖ ಒರೆಸಿಕೊಂಡ. ಅದು ಯಾರದ್ದೋ ಏನೋ!

ಆಪರೇಷನ್ ಚೆನ್ನಾಗಿ ಆಯಿತು. ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಚಿಗವ್ವ ಕಪ್ಪು ಕನ್ನಡಕದ ಗಂಡನನ್ನು ನೋಡಿ, "ಸಿನೆಮಾದ ಕಳ್ಳನಂಗ ಕಾಣಾಕತ್ತಾರ" ಎಂದು ಓಣಿಗೆಲ್ಲ ಹೇಳಿಬಂದಳು.

ಮೊನ್ನೆ ನಾನು ಗುತ್ತಲಕ್ಕೆ ಹೋಗಿ ಮರಳುವಾಗ ಕಾಕಾ ಕಳಿಸಲು ಬಂದ. ಮಟಮಟ ಮಧ್ಯಾಹ್ನ. ಬಸ್ಸು ಪೂರ್ತಿ ಖಾಲಿ. "ಕಾಕಾ, ಬ್ಯಾಡ, ಎಲ್ಲಾ ಸೀಟ್ ಖಾಲಿ ಅದಾವ" ಎಂದೆ. ಕೇಳುತ್ತಾನೆಯೇ? ಬಸ್ಸು ನಿಲ್ಲುವವರೆಗೆ ತಡೆದ. ಅದೊಂದು ಹೊಸತು, ಚಿಗವ್ವ ಆಣೆ ಹಾಕಿಸಿದ್ದಾಳೆ. ನಿಂತ ಮೇಲೆ ಎರಡು ಮಡಿಕೆ ಮಾಡಿ, ಮಣಿಕಟ್ಟು ಅಲ್ಲಾಡಿಸಿದ. ಅದೇ ಟವೆಲ್; ತೊಳೆದರೂ ಹೋಗದ ಗಾಲಿಯ ಕಪ್ಪು ಗುರುತು ಇನ್ನೂ ಇತ್ತು. ಸರಳುಗಳ ನಡುವೆ ನುಸುಳಿ, ಬಿಚ್ಚಿಕೊಂಡು, ಹಾಸಿದಂತೆ ಬಿತ್ತು.

ನಾನು ಹತ್ತಿ ಕುಳಿತು, ಕ್ರಮದಂತೆ ಟವೆಲ್ಲನ್ನು ಕಿಟಕಿಯಿಂದ ಕೊಟ್ಟೆ. ಅವನು ತೆಗೆದುಕೊಂಡ. ಹಿಂದೆ ಸರಿಯಲಿಲ್ಲ. ಸರಳು ಹಿಡಿದು ನನ್ನ ಮುಖವನ್ನೇ ನೋಡತೊಡಗಿದ. ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ ಮತ್ತೆ ನೋಡಿದ.

"ತಂಗಿ, ನಿನ್ನ ತಲಿಯಾಗ ಬಿಳಿ ಕೂದ್ಲ ಬಂದಾವಲ್ಲ."

"ಬಂದು ಭಾಳ ದಿನ ಆತು ಕಾಕಾ."

ಕಂಡಕ್ಟರು ಸೀಟಿ ಊದಿದ. ಬಸ್ಸು ಮೆಲ್ಲಗೆ ಸರಿಯತೊಡಗಿತು. ಕಾಕಾ ಸರಳು ಬಿಟ್ಟು, ಜೊತೆಜೊತೆಗೆ ನಾಲ್ಕು ಹೆಜ್ಜೆ ನಡೆದ.

"ಹೌದೇನು?" ಎಂದ. "ನಾ ನೋಡೇ ಇರ್ಲಿಲ್ಲಲ್ಲವಾ."