ಎರಡನೇ ಸುತ್ತಿಗೆ ಕೂತ ಅತ್ತೆ

ಒಂದೇ ಮನೆಯಲ್ಲಿ ರೇಷ್ಮೆಹುಳವನ್ನೂ ವಿಶ್ವವಿದ್ಯಾಲಯವನ್ನೂ ಸಾಕಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಸರಿಯಾಗಿ ನಾಲ್ಕು ವರ್ಷ ಆದವು.

ನಾನು ಕುದೂರಿನ ಹತ್ತಿರದ ಒಂದು ಶಾಲೆಯಲ್ಲಿ ಮೇಷ್ಟ್ರು. ಮಗಳು ಪಿಯುಸಿಯಲ್ಲಿದ್ದಾಗ ನನ್ನ ಹೆಂಡತಿ ತೀರಿಕೊಂಡಳು. ಮಗಳನ್ನು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದಿಸಬೇಕೆಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಅದಕ್ಕೆಂದೇ ಹುಳ ಸಾಕುತ್ತಿದ್ದಳು. ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ನೆಂಟರೆಲ್ಲ ಹೊರಟರು. ಅವಳ ತಾಯಿ, ಅಂದರೆ ನಮ್ಮ ಅತ್ತೆ, ಹೊರಡಲಿಲ್ಲ.

"ಹುಳದ ಮನೆ ಬೀಗದ ಕೈ ಕೊಡಿ ಮೇಷ್ಟ್ರೇ. ಅವ್ಳು ಅಂದ್ಕಂಡಿದ್ದು ಆಗ್ಬೇಕು," ಎಂದರು.

ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಇದ್ದ ಕಾಲ. ನನ್ನ ಸಂಬಳದಲ್ಲಿ ಮನೆಖರ್ಚು, ಹುಳದಲ್ಲಿ ಫೀಸು ಎಂದು ತೀರ್ಮಾನವಾಯಿತು.

ಅರ್ಜಿ

ಸೇರಿಸಲು ಹೋದ ದಿನ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಕೇಳಿದಳು, "ಫೀಸು ಕಟ್ಟೋರು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಹುಳ," ಎಂದರು.

"ಯಾರು?"

"ಹುಳ ಕಣವ್ವ. ರೇಷ್ಮೆಹುಳ. ಅವೇ ಕಟ್ಟೋದು."

ಆ ಹುಡುಗಿ ಅಂದು ಎಷ್ಟು ಅರ್ಜಿ ತುಂಬಿದ್ದಳೋ, ತಲೆಯೆತ್ತದೆ ಮುಂದಿನ ಪ್ರಶ್ನೆ ಓದಿದಳು. "ವಿದ್ಯಾರ್ಥಿನಿಗೆ ಏನಾಗ್ಬೇಕು?"

ಅತ್ತೆ ಸ್ವಲ್ಪ ಯೋಚಿಸಿದರು. "ಒಂದೇ ಮನೇಲವ್ವೆ. ಅವುಕ್ಕೆ ಮೊದ್ಲು ಊಟ, ಆಮೇಲೆ ಇವ್ಳಿಗೆ. ದೊಡ್ಡೋರು ಅಂತ ಬರ್ಕೊ."

ಕೋಣೆ

ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ಕು ಜನ. ಅತ್ತೆ ಬಾಗಿಲಲ್ಲೇ ನಿಂತು ಕಿಟಕಿ, ಗೋಡೆ, ಮಂಚ ಎಲ್ಲ ನೋಡಿದರು.

"ನಾವು ಹುಳಾನೂ ಇಷ್ಟು ಒತ್ತಾಗಿ ಬುಡಲ್ಲ. ಬೆಳೀತಾ ಬೆಳೀತಾ ಜಾಗ ಬುಡುಸ್ತೀರಾ?"

"ಒಬ್ರೇ ಇರೋ ರೂಮ್ ಬೇಕಂದ್ರೆ ಎಕ್ಸ್‌ಟ್ರಾ ಕಟ್ಬೇಕಮ್ಮ," ಎಂದರು ವಾರ್ಡನ್.

ವಾಪಸು ಬರುವಾಗ ಬಸ್ಸಿನಲ್ಲಿ ಮಾಗಡಿ ದಾಟುವ ತನಕ ಅತ್ತೆ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದರು. ಆಮೇಲೆ, "ನಮ್ ಹುಳ ಬಾಡ್ಗೆ ಕೊಡ್ದೆ ಬೆಳ್ಕೊಂಡ್ವಲ್ಲ ಮೇಷ್ಟ್ರೇ, ಇಷ್ಟು ದಿನ!" ಎಂದರು.

ಶಿಬಿರ

ಎರಡನೇ ವರ್ಷ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಗ್ರಾಮೀಣ ಅನುಭವ ಶಿಬಿರ, ಐದು ದಿನ. ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದು ರೈತರ ಜೊತೆ ದುಡಿಯಬೇಕು. ಅದಕ್ಕೆ ಪ್ರತ್ಯೇಕ ಫೀಸು.

ನಾನು ಓದಿ ಹೇಳಿದೆ. ಅತ್ತೆ ಎರಡು ಸಲ ಓದಿಸಿದರು.

"ಕೆಲ್ಸ ಮಾಡೋರು ಇವ್ರೇ, ದುಡ್ಡು ಕೊಡೋರೂ ಇವ್ರೇನಾ?"

"ಹೌದು."

ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಆಳು ಸಿಗದೆ ಒದ್ದಾಡುತ್ತಿದ್ದ ಹೊತ್ತು. ಅತ್ತೆ ನನ್ನ ಕೈಯಿಂದಲೇ ಫೋನು ಮಾಡಿಸಿ ಮಗಳಿಗೆ ಹೇಳಿದರು: "ಮಗಾ, ನಿಮ್ ಸಾಹೇಬ್ರಿಗೆ ಹೇಳು. ಅಂಥೋರು ನಮ್ಗೂ ಒಂದು ಹತ್ತು ಜನ ಬೇಕು. ದುಡ್ಡು ಒಸಿ ಕಮ್ಮಿ ತಂದ್ರೂ ಪರ್ವಾಗಿಲ್ಲ."

ದಂಡ

ಕೊನೆಯ ವರ್ಷ ಹವಾ ತಣ್ಣಗಾಗಿ ಹುಳ ಹಣ್ಣಾಗಿ ಗೂಡು ಕಟ್ಟುವುದು ತಡವಾಯಿತು. ಗೂಡು ಬಿಡಿಸಿ, ರಾಮನಗರದ ಮಾರುಕಟ್ಟೆಗೆ ಹಾಕಿ, ದುಡ್ಡು ಕೈಗೆ ಬರುವಷ್ಟರಲ್ಲಿ ಫೀಸಿನ ಗಡುವು ಮೀರಿ ಆರು ದಿನ ಆಗಿತ್ತು. ಫೀಸು ಕಟ್ಟದೆ ಹಾಲ್ ಟಿಕೆಟ್ ಇಲ್ಲ. ಪರೀಕ್ಷೆ ಮಾರನೆಯ ದಿನ. ನಮ್ಮ ಹತ್ತಿರ ಫೀಸಿಗೆ ಸರಿಯಾಗುವಷ್ಟು ಮಾತ್ರ ಇತ್ತು.

ಕೌಂಟರಿನಲ್ಲಿದ್ದವನು, "ದಿನಕ್ಕಿಷ್ಟು ಅಂತ ಆರು ದಿನದ ದಂಡ ಸೇರಿಸಿ ಕಟ್ಟಿ," ಎಂದ.

"ಒಪ್ಪಲ್ಲ," ಎಂದರು ಅತ್ತೆ.

ಗೂಡಿನ ಮಾರುಕಟ್ಟೆಯಲ್ಲಿ ಒಂದು ಪದ್ಧತಿ ಇದೆ. ಮೊದಲ ಸುತ್ತಿನ ಹರಾಜಿನಲ್ಲಿ ಕೂಗಿದ ಬೆಲೆ ಸರಿಬೀಳದಿದ್ದರೆ ರೈತ ಒಪ್ಪಬೇಕಾಗಿಲ್ಲ. ಗೂಡಿನ ಪಕ್ಕದಲ್ಲಿ ಕೂತು ಎರಡನೇ ಸುತ್ತಿಗೆ ಕಾಯಬಹುದು. ಅತ್ತೆ ದುಡ್ಡಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಕುರ್ಚಿಯಲ್ಲಿ ಕೂತರು.

"ಅತ್ತೆ, ಇಲ್ಲಿ ಎರಡನೇ ಸುತ್ತು ಇರಲ್ಲ," ಎಂದೆ ಮೆಲ್ಲಗೆ.

"ಸುಮ್ನಿರಿ ಮೇಷ್ಟ್ರೇ. ಬೋರ್ಡಲ್ಲಿ ರೇಟು ಹಾಕವ್ರೆ, ಕಿಟಕಿ ಮುಂದೆ ಜನ ನಿಂತವ್ರೆ. ಇರ್ದೆ ಎಲ್ಲೋಯ್ತದೆ?"

ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ, "ಶುರುವಾಯ್ತಾ?" ಎಂದು ಕೇಳಿ ಬರುತ್ತಿದ್ದರು. ಮಗಳು ಪಕ್ಕದಲ್ಲಿ ಪುಸ್ತಕ ತೆರೆದು ಕೂತಿದ್ದಳು. ಎರಡು ಗಂಟೆ ಕಳೆದರೂ ಒಂದು ಹಾಳೆಯನ್ನೂ ತಿರುಗಿಸಿರಲಿಲ್ಲ. ಅವಳ ತಾಯಿ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸಿದೆ. ಇದನ್ನೇ ಮಾಡುತ್ತಿದ್ದಳು.

ಊಟದ ಹೊತ್ತಿಗೆ ಗುಮಾಸ್ತ ಎದ್ದು ಹೋದ. ಅವನ ಜಾಗಕ್ಕೆ ಒಬ್ಬ ದೊಡ್ಡ ಅಧಿಕಾರಿ ಬಂದು ಕೂತರು. ಅತ್ತೆ ನನ್ನ ತೋಳು ಹಿಡಿದೆಳೆದರು. "ಏಳಿ, ಬೇರೆಯೋರು ಬಂದ್ರು. ಎರಡ್ನೇ ಸುತ್ತು!"

"ಯಾಕಮ್ಮ ತಡ?" ಎಂದರು ಅಧಿಕಾರಿ.

"ಹುಳ ಹಣ್ಣಾಗೋದು ತಡ ಆಯ್ತು ಸ್ವಾಮಿ. ಈ ತಾರೀಕಿಗೆ ಕಟ್ಬೇಕಂತೆ ಕಣ್ರಪ್ಪ ಅಂತ ನಾನೂ ಹೇಳ್ದೆ. ಅವು ಸೊಪ್ಪು ತಿಂತಾ ಇದ್ವು, ತಲೇನೇ ಎತ್ಲಿಲ್ಲ."

ಅಧಿಕಾರಿ ನಗು ತಡೆಯಲು ನೀರು ಕುಡಿದರು. ಕಾರಣ ಬರೆದುಕೊಡಿ ಎಂದರು. "ಹುಳುಗಳು ಆರು ದಿನ ತಡವಾಗಿ ಹಣ್ಣಾದ ಕಾರಣ" ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದೆ. ಓದಿ, ಅರ್ಧ ದಂಡ ಮಾಫಿ ಮಾಡಿದರು. ನಾನು ಕೈ ಮುಗಿದೆ.

ಅತ್ತೆ ಮಾತ್ರ ಕಿಟಕಿಗೆ ಇನ್ನಷ್ಟು ಬಗ್ಗಿ ಕೇಳಿದರು: "ಮೂರ್ನೇ ಸುತ್ತು ಎಷ್ಟೊತ್ತಿಗೆ ಸ್ವಾಮಿ?"

ಉಳಿದರ್ಧವೂ ಮಾಫಿಯಾಯಿತು.

ಗೌನು

ಪದವಿ ಪ್ರದಾನದ ದಿನ ಎರಡು ಪಾಸು ಕೊಟ್ಟಿದ್ದರು. ಒಂದರ ಮೇಲೆ ತಂದೆ, ಇನ್ನೊಂದರ ಮೇಲೆ ತಾಯಿ ಎಂದು ಅಚ್ಚಾಗಿತ್ತು. ಬಾಗಿಲಲ್ಲಿ ಕಾವಲಿನವನು ಅತ್ತೆಯನ್ನು ತಡೆದ. "ಅಜ್ಜಿ, ಇದು ತಾಯಿ ಪಾಸು."

"ಊಂ ಕಣಪ್ಪ. ನಾನು ಅವ್ಳ ತಾಯಿಗೂ ತಾಯಿ. ಲೆಕ್ಕ ಹಾಕುದ್ರೆ ಇನ್ನೊಂದು ಪಾಸು ನೀನೇ ಕೊಡ್ಬೇಕು." ಬಿಟ್ಟ.

ಮಗಳು ಅವಳ ತಾಯಿಯ ರೇಷ್ಮೆ ಸೀರೆ ಉಟ್ಟಿದ್ದಳು. ಅದರ ಮೇಲೆ ಮಿರಿಮಿರಿ ಮಿಂಚುವ ಕರಿ ಗೌನು. ಆ ಗೌನಿಗೂ ಬಾಡಿಗೆ ಕಟ್ಟಿದ್ದೆವು. ವೇದಿಕೆಯಿಂದ ಇಳಿದು ಬಂದವಳನ್ನು ಅತ್ತೆ ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಗೌನಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ತಿಕ್ಕಿ ನೋಡಿದರು. ಮುಖ ಬಿಗಿಯಿತು. ಒಂದು ಎಳೆ ಕಿತ್ತು ಕಾವಲಿನವನ ಕಡೆ ತಿರುಗಿದರು.

"ಬೆಂಕಿಪೊಟ್ಣ ಐತೇನಪ್ಪ?"

"ಅತ್ತೆ, ಎಳೆ ಸುಟ್ಟು ರೇಷ್ಮೆ ಪರೀಕ್ಷೆ ಮಾಡೋದು ಇಲ್ಲಿ ಬೇಡ!" ಎಂದೆ.

ಅಷ್ಟರಲ್ಲಿ ಫೋಟೋದವನು ಕರೆದ. ಅತ್ತೆ ಮೊಮ್ಮಗಳ ಗೌನಿನ ಗುಂಡಿಗೆ ಕೈ ಹಾಕಿದರು. "ಬಿಚ್ಚು ಮಗಾ. ನಿಮ್ಮವ್ವನ ಸೀರೆ ಕಾಣ್ಲಿ."

"ಗೌನ್ ಇರ್ಬೇಕು ಅಜ್ಜಿ, ಎಲ್ಲಾರೂ ಹಂಗೇ ತೆಗ್ಸೋದು," ಎಂದ ಫೋಟೋದವನು.

ಅತ್ತೆ ಬಿಚ್ಚಿದ ಗೌನನ್ನು ನನ್ನ ತೋಳಿನ ಮೇಲೆ ಎಸೆದು, ಸಭಾಂಗಣಕ್ಕೆಲ್ಲ ಕೇಳುವಂತೆ ಹೇಳಿದರು:

"ಏನ್ ಜನಾನಪ್ಪ ಇವ್ರು! ನಾಲ್ಕು ವರ್ಷ ನಮ್ ರೇಷ್ಮೇನೆಲ್ಲ ನುಂಗ್ಬುಟ್ಟು, ಕೊನೇಗೆ ಮಗೀಗೆ ನೈಲಾನು ಹೊದ್ಸವ್ರಲ್ಲ ಮೇಷ್ಟ್ರೇ! ಅದ್ಕೂ ಬಾಡ್ಗೆ!"