ಹಂಗೇರಿಯ ಎರಡನೇ ದರ್ಜೆ ಮತ್ತು ನಮ್ಮ ಮನೆಯ ಟಗರು

ಫುಟ್‌ಬಾಲ್ ನೋಡುವುದು ನಿರಪಾಯಕಾರಿ ಚಟ ಎಂದು ನಾನು ಬಲವಾಗಿ ನಂಬಿದ್ದೆ. ಎಲೆ ಅಡಿಕೆಯಂತೆ ಗೋಡೆ ಕೆಂಪಾಗುವುದಿಲ್ಲ, ಇಸ್ಪೀಟಿನಂತೆ ಮರ್ಯಾದೆ ಹೋಗುವುದಿಲ್ಲ. ಕೂತಲ್ಲೇ ಮುಗಿಯುತ್ತದೆ, ಮನೆಯ ಯಾವ ವಸ್ತುವಿಗೂ ಅಪಾಯವಿಲ್ಲ. ಈ ನಂಬಿಕೆಯಲ್ಲಿ ಎರಡು ತಪ್ಪುಗಳಿದ್ದವು. ಒಂದು, ನಾನು ಕೂತಲ್ಲಿ ಕೂರುವ ಮನುಷ್ಯನಲ್ಲ. ಎರಡು, ನಮ್ಮ ಮನೆಯಲ್ಲಿ ಟಗರಿತ್ತು.

ನಾನು ತೆಲಂಗಾಣದ ಜಹೀರಾಬಾದ್ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ. ಮನೆ ಮೊಗುಡಂಪಲ್ಲಿ ಹತ್ತಿರದ ಹಳ್ಳಿಯಲ್ಲಿ. ಕಬ್ಬು ಮುಗಿಯಿತೆಂದರೆ ತಿಂಗಳುಗಟ್ಟಲೆ ಕೈಗೆ ಕೆಲಸವಿಲ್ಲ. ಕೆಲಸವಿಲ್ಲದ ದಿನ ನಾನು ಮುಚ್ಚಿದ ಬಾಗಿಲು ತೆರೆಯುತ್ತೇನೆ, ತೆರೆದದ್ದನ್ನು ಮುಚ್ಚುತ್ತೇನೆ, ಅಂಗಳಕ್ಕೆ ಹೋಗಿ ಯಾಕೆ ಬಂದೆ ಎಂದು ಯೋಚಿಸಿ ವಾಪಸು ಬರುತ್ತೇನೆ, ಒಲೆಯ ಮೇಲಿನ ಸಾರಿನ ಮುಚ್ಚಳ ಎತ್ತಿ ನೋಡುತ್ತೇನೆ. ನನ್ನ ಹೆಂಡತಿ ನಾಗಮ್ಮ ತಾಳ್ಮೆಯ ಹೆಂಗಸು. ಆದರೂ ಒಂದು ಭಾನುವಾರ ಒಂಬತ್ತನೇ ಸಲ ಮುಚ್ಚಳ ಎತ್ತಿದಾಗ ಮೊಬೈಲು ತಂದು ನನ್ನ ಕೈಗೆ ಕೊಟ್ಟಳು.

"ಇದ್ರಾಗ ಏನರೆ ನೋಡ್ಕೋತ ಕೂಡ್ರಿ. ನನ್ನ ಸಾರಿನ ಮುಚ್ಚಳ ಬಿಡ್ರಿ."

ನೋಡುತ್ತ ಕೂತೆ. ಬೆರಳೂ ನನ್ನಂತೆಯೇ ನಿಂತಲ್ಲಿ ನಿಲ್ಲುವುದಿಲ್ಲ. ಅದು ತಿಕ್ಕುತ್ತ ತಿಕ್ಕುತ್ತ ಹೋಗಿ ಹಂಗೇರಿ ದೇಶದ ಒಂದು ಫುಟ್‌ಬಾಲ್ ಮೈದಾನದಲ್ಲಿ ನಿಂತಿತು. ಊರಿನ ಹೆಸರು ಕಿಶ್‌ಹಲೋಮ್. ಸಣ್ಣ ಮೈದಾನ. ಪ್ರೇಕ್ಷಕರ ಕಡೆ ಒಬ್ಬ ಮುದುಕ ಕೊಡೆ ಹಿಡಿದು ಕೂತಿದ್ದ, ಪಕ್ಕದಲ್ಲಿ ನಾಯಿ. ಗೋಲ್‌ಕೀಪರನಿಗೆ ಹೊಟ್ಟೆಯಿತ್ತು. ಗೋಲಿನ ಹಿಂದೆ ಎತ್ತರದ ಒಂದು ಚಿಮಣಿ. ಅದು ಸಕ್ಕರೆ ಕಾರ್ಖಾನೆಯದು ಎಂದು ಯಾರೂ ಹೇಳಬೇಕಾಗಲಿಲ್ಲ, ಇಪ್ಪತ್ತು ವರ್ಷ ಅಂಥದ್ದರ ಕೆಳಗೇ ಕೂತವನು ನಾನು. ಆಮೇಲೆ ವಿಚಾರಿಸಿದಾಗ ಅವರು ಕಬ್ಬಿನಿಂದಲ್ಲ, ಯಾವುದೋ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆಂದು ತಿಳಿಯಿತು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಕಿಶ್‌ಹಲೋಮ್ ಎರಡನೇ ದರ್ಜೆಯ ತಂಡ. ಅಲ್ಲಿ ಹದಿನಾರು ತಂಡಗಳು. ವರ್ಷದ ಕೊನೆಗೆ ಮೇಲಿನ ಎರಡು ಮೊದಲ ದರ್ಜೆಗೆ ಏರುತ್ತವೆ, ಕೆಳಗಿನವು ಮೂರನೆಯದಕ್ಕೆ ಇಳಿಯುತ್ತವೆ. ಮಧ್ಯದವು ಇದ್ದಲ್ಲೇ ಇರುತ್ತವೆ. ನಾನೂ ಇಪ್ಪತ್ತು ವರ್ಷದಿಂದ ಇದ್ದಲ್ಲೇ ಇರುವವನಾದ್ದರಿಂದ ಈ ವ್ಯವಸ್ಥೆ ನನಗೆ ಕೂಡಲೇ ಅರ್ಥವಾಯಿತು. ಮೊದಲ ದರ್ಜೆಯವರಿಗೆ ಲೋಕವೇ ಇದೆ. ಎರಡನೇ ದರ್ಜೆಯವರಿಗೆ ಯಾರಿದ್ದಾರೆ? ಕೊಡೆಯ ಮುದುಕ, ನಾಯಿ, ಮತ್ತು ಆ ದಿನದಿಂದ ನಾನು.

ಪ್ರತಿ ಭಾನುವಾರ ರೊಟ್ಟಿ ಹೊತ್ತಿಗೆ ಆಟ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮೊಬೈಲು, ಪಡಸಾಲೆಯಲ್ಲಿ ಶತಪಥ.

"ಅವ್ರು ನಿಮಗ ಏನಾಗ್ಬೇಕ್ರಿ?" ಎಂದು ನಾಗಮ್ಮ ಕೇಳಿದಳು.

"ಏನೂ ಆಗ್ಬೇಕಿಲ್ಲ."

"ಮತ್ತ ನಮ್ಮ ತಮ್ಮ ದವಾಖಾನ್ಯಾಗಿದ್ದಾಗ ಹಿಂಗ ತಿರುಗಾಡ್ಲಿಲ್ಲಲ್ರಿ ನೀವು."

ನಾನು ರೊಟ್ಟಿ ಬಾಯಿಗಿಟ್ಟುಕೊಂಡು ಪಡಸಾಲೆಯ ಇನ್ನೊಂದು ತುದಿಗೆ ನಡೆದೆ.

ಇನ್ನು ಟಗರಿನ ವಿಷಯ. ಅದರ ಹೆಸರು ಶೇರ್, ಅಂದರೆ ಸಿಂಹ. ಹುಟ್ಟಿದ ವಾರಕ್ಕೆ ತಾಯಿ ಸತ್ತಿತು. ನಾಗಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಹಳೆಯ ಸೀರೆ ಹೊದಿಸಿ ಬೆಳೆಸಿದಳು. ಈಗ ಅದು ಊರಲ್ಲಿ ತಲೆ ಎತ್ತಿ ನಡೆಯುವ ಪ್ರಾಣಿ. ನಾರಾಯಣಖೇಡದಲ್ಲಿ ಕುರಿ ಸಾಕುವ ಅವಳ ತಮ್ಮ ಮಲ್ಲಪ್ಪನಿಗೆ ತನ್ನ ಮಂದೆಗೆ ಒಳ್ಳೆಯ ಬೀಜದ ಟಗರು ಬೇಕಿತ್ತು. ಶೇರ್ ಅವನ ಮಂದೆಗೆ, ಬದಲಿಗೆ ಎರಡು ಹೆಣ್ಣು ಕುರಿ ನಾಗಮ್ಮನಿಗೆ ಎಂದು ಅಕ್ಕ ತಮ್ಮ ಮಾತಾಡಿಕೊಂಡಿದ್ದರು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ತನ್ನದೇ ಒಂದು ಮಂದೆ ಆಗಬೇಕೆಂಬುದು ಅವಳ ಬಹುದಿನದ ಆಸೆ. ನನ್ನನ್ನು ಮದುವೆಯಾದ ಮೇಲೆ ಅವಳು ಇಟ್ಟುಕೊಂಡ ಆಸೆ ಅದೊಂದೇ ಎಂದು ಕಾಣುತ್ತದೆ.

ಮೇ ತಿಂಗಳಲ್ಲಿ ಆ ಸಾಲಿನ ಕೊನೆಯ ಆಟ ಬಂತು. ಕಿಶ್‌ಹಲೋಮ್ ಗೆದ್ದರೆ ಎರಡನೇ ಸ್ಥಾನ, ಮೊದಲ ದರ್ಜೆಗೆ ಬಡ್ತಿ. ಗೆಲ್ಲದಿದ್ದರೆ ಇಲ್ಲ. ಮುಗಿಯಲು ಐದು ನಿಮಿಷವಿದೆ, ಇಬ್ಬರದೂ ಸೊನ್ನೆ. ನಾನು ಪಡಸಾಲೆ ಬಿಟ್ಟು ಅಂಗಳಕ್ಕೆ ಬಂದಿದ್ದೆ. ಕಾಲು ನಿಲ್ಲುತ್ತಿಲ್ಲ, ಎದುರಿಗೆ ಗೂಟಕ್ಕೆ ಕಟ್ಟಿದ ಶೇರ್ ಸೊಪ್ಪು ತಿನ್ನುತ್ತ ನನ್ನನ್ನೇ ನೋಡುತ್ತಿದೆ.

"ತಾಯಿ ಪೋಚಮ್ಮ, ಇವ್ರು ಮ್ಯಾಲಿನ ದರ್ಜಿಗಿ ಏರಿದ್ರ ನಮ್ಮ ಶೇರ್ ನಿನಗ ಕೊಡ್ತೀನಿ" ಎಂದು ನಮ್ಮ ಊರದೇವತೆಗೆ ಅಂದುಬಿಟ್ಟೆ. ಜೋರಾಗಿಯೇ ಅಂದೆ.

ಮರುನಿಮಿಷ ಗೋಲ್!

ಕಿಶ್‌ಹಲೋಮ್ ಗೆದ್ದು ನಾನು ಕುಣಿಯುತ್ತಿದ್ದಾಗ ಹಿಂದಿನಿಂದ ಅವ್ವನ ದನಿ ಬಂತು. ಅವಳು ಕಟ್ಟೆಯ ಮೇಲೆ ಹುಣಸೆ ಬಿಡಿಸುತ್ತ ಕೂತಿದ್ದಳು.

"ತಮ್ಮಾ, ಹರಕಿ ಹೊತ್ತಿ ಏನು?"

"ಹಂಗೇನಿಲ್ಲವ್ವ."

"ಶೇರ್ ಅಂತ ಹೆಸರು ಹಿಡದು ಅಂದಿ, ನಾ ಕೇಳೀನಿ. ಯಾವುದಕ್ಕ?"

ಇಲ್ಲಿ ನಾನು ಸತ್ಯ ಹೇಳಬಹುದಿತ್ತು. ಮೂರು ಕೂಸಿನ ತಂದೆ, ತಲೆ ಅರ್ಧ ನೆರೆತಿದೆ, ನಾಚಿಕೆಯಾಯಿತು. "ಒಂದು ದೊಡ್ಡ ಕೆಲಸ ಇತ್ತವ್ವ, ಆತು" ಎಂದೆ.

ಅವ್ವ ಅಲ್ಲೇ ಕೈಮುಗಿದಳು. ಮುಂದಿನ ವಾರ ಬಿಟ್ಟು ಅದರಾಚೆಯ ಮಂಗಳವಾರ ಎಂದು ದಿನ ಗೊತ್ತಾಯಿತು. ಬೇರೆ ಟಗರು ತರುತ್ತೇನೆ ಎಂದರೆ, ಹೆಸರು ಹಿಡಿದ ಮೇಲೆ ಬದಲಾವಣೆ ನಡೆಯುವುದಿಲ್ಲ, ಪೋಚಮ್ಮನೇನು ಕಿರಾಣಿ ಅಂಗಡಿಯವಳೇ ಎಂದು ಬೈದಳು.

ನಾಗಮ್ಮ ಜಗಳ ಮಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

"ಹರಕಿ ಅಂದ್ರ ಹರಕಿ. ನಾ ಅಡ್ಡ ಬರಂಗಿಲ್ಲ" ಎಂದಳು. "ಆದ್ರ ನನ್ನ ಶೇರ್ ಯಾವ ಕೆಲಸಕ್ಕ ಹೋಗ್ತದ ಅಂತ ನನಗರೆ ಹೇಳ್ರಿ."

"ಆಮ್ಯಾಲ ಹೇಳ್ತೀನಿ."

ನಾನು ಹೇಳದಿದ್ದದ್ದನ್ನು ಊರೇ ಹೇಳಿಕೊಂಡಿತು. ಟಗರು ಕೊಡುವಷ್ಟು ದೊಡ್ಡ ಕೆಲಸವೆಂದರೆ ಕಾರ್ಖಾನೆಯಲ್ಲಿ ಪ್ರಮೋಷನ್ ಆಗಿರಬೇಕು. ಮೂರನೇ ದಿನಕ್ಕೆ ನಾನು ಸೂಪರ್‌ವೈಸರ್ ಆಗಿದ್ದೆ, ಐದನೇ ದಿನಕ್ಕೆ ಮ್ಯಾನೇಜರ್. ಓಣಿಯಲ್ಲಿ ಒಬ್ಬರು ಲಾಡು ತಂದು ಬಾಯಿಗಿಟ್ಟರು. ಉಗುಳಲು ಬರುತ್ತದೆಯೇ? ತಿಂದೆ. ಇನ್ನೊಬ್ಬರು ಶಾಲು ಹೊದಿಸಿದರು. ಮೇ ತಿಂಗಳಲ್ಲಿ! ಹೊದ್ದುಕೊಂಡೆ. ನಾಗಮ್ಮ ಇದನ್ನೆಲ್ಲ ನೋಡಿ, ಗಂಡ ಮೇಲೇರಿದನಲ್ಲ, ಇರಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಶೇರ್‌ಗೆ ದಿನವೂ ಬೆಲ್ಲ ತಿನ್ನಿಸತೊಡಗಿದಳು. ನಾನು ಮನೆಯಲ್ಲಿ ಒಂದು ಕಡೆ ನಿಲ್ಲಲಾರದೆ ಹೊರಗೂ ಒಳಗೂ ಎಷ್ಟು ತಿರುಗಿದೆನೆಂದರೆ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು.

ಮಂಗಳವಾರ ಬಂತು. ನಾರಾಯಣಖೇಡದಿಂದ ಮಲ್ಲಪ್ಪ ಬಂದ, ಪೆಚ್ಚುಮೋರೆ ಹಾಕಿಕೊಂಡು. ತೊಗರಿಗೆ ಹೆಸರಾದ ತಾಂಡೂರಿನಿಂದ ನನ್ನ ಸೋದರತ್ತೆ ಬಂದಳು, ಬಾಯಿ ಚಪ್ಪರಿಸಿಕೊಂಡು. ಅನ್ನದ ಹಂಡೆ ಒಲೆಯೇರಿತು, ಮಸಾಲೆ ಅರೆದು ಸಿದ್ಧವಾಯಿತು. ಪೋಚಮ್ಮನ ಕಟ್ಟೆಯ ಮುಂದೆ ಶೇರ್‌ನ ಕೊರಳಿಗೆ ಬೇವಿನ ಸೊಪ್ಪು ಕಟ್ಟಿ ನಿಲ್ಲಿಸಿ, ಹಗ್ಗ ನನ್ನ ಕೈಗೆ ಕೊಟ್ಟರು.

ನಮ್ಮಲ್ಲಿ ಹರಕೆಯ ಟಗರಿನ ಮೇಲೆ ಅರಿಶಿಣದ ನೀರು ಹಾಕಿ ಕಾಯುತ್ತಾರೆ. ಅದು ಮೈ ಜಾಡಿಸಬೇಕು. ಜಾಡಿಸಿದರೆ ತಾಯಿ ಒಪ್ಪಿದಳೆಂದು ಅರ್ಥ. ಅಲ್ಲಿಯವರೆಗೆ ಯಾರೂ ಕತ್ತಿ ಮುಟ್ಟುವಂತಿಲ್ಲ.

ಪೂಜಾರಿ ಸಾಯಪ್ಪ ಕಾಕಾ ಒಂದು ತಂಬಿಗೆ ನೀರು ಸುರಿದ. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು. ಎರಡು ತಂಬಿಗೆ. ಮೂರು. ಆ ಬಿಸಿಲಿಗೆ ಶೇರ್‌ಗೆ ತಣ್ಣೀರು ಹಿತವಾಗಿರಬೇಕು, ಕಣ್ಣು ಮುಚ್ಚಿಕೊಂಡು ಕತ್ತು ಮುಂದೆ ಚಾಚಿತು. ಕೊಡ ತಂದರು. ಅರ್ಧ ನನ್ನ ಮೇಲೆ ಬಿತ್ತು. ಶೇರ್ ಅಲುಗಲಿಲ್ಲ. ನಾನು ಮಾತ್ರ ನಿಂತಲ್ಲಿ ನಿಲ್ಲದೆ ಹಗ್ಗದ ಸುತ್ತ ತಿರುಗುತ್ತಿದ್ದೆ. ಒಬ್ಬರು ಕಿವಿಯಲ್ಲಿ ಊದಿದರು, ಅದು ಸೀನಿತು. ಸೀನು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಹಿರಿಯರಲ್ಲಿ ಕಾಲು ಗಂಟೆ ಚರ್ಚೆಯಾಗಿ, ಬರುವುದಿಲ್ಲವೆಂದು ತೀರ್ಮಾನವಾಯಿತು.

"ನನ್ನ ಬಸ್ಸು ಮೂರಕ್ಕ ಅದ" ಎಂದಳು ಅತ್ತೆ.

ಸಾಯಪ್ಪ ಕಾಕಾ ಕೊಡ ಕೆಳಗಿಟ್ಟು ನನ್ನ ಮುಖ ನೋಡಿದ. "ತಮ್ಮಾ, ಹರಕಿಯೊಳಗ ಏನೋ ಮುಚ್ಚಿಟ್ಟಿ. ತಾಯಿ ಮುಂದ ಬಾಯಿ ಬಿಟ್ಟು ಪೂರಾ ಹೇಳು. ಇಲ್ಲಂದ್ರ ಸಂಜಿತನಕ ನೀರು ಹಾಕಿದ್ರೂ ಇದು ಜಾಡಿಸಂಗಿಲ್ಲ."

ಇಡೀ ಬಂಧುಬಳಗ ನನ್ನತ್ತ ತಿರುಗಿತು. ಲಾಡು ತಿನ್ನಿಸಿದವರು, ಶಾಲು ಹೊದಿಸಿದವರು, ಎಲ್ಲರೂ ಇದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ತಾಯಿ ಪೋಚಮ್ಮ, ಹಂಗೇರಿ ದೇಶದಾಗ ಕಿಶ್‌ಹಲೋಮ್ ಅಂತ ಒಂದು ಊರದ. ಆ ಊರಿನ ಫುಟ್‌ಬಾಲ್ ತಂಡ ಎರಡನೇ ದರ್ಜಿದಿಂದ ಒಂದನೇ ದರ್ಜಿಗಿ ಏರ್ಲಿ ಅಂತ ನಾ ಹರಕಿ ಹೊತ್ತಿದ್ದೆ."

ಅವ್ವ ಮುಗಿದಿದ್ದ ಕೈ ಇಳಿಸಿದಳು.

"ಹಂಗೇರಿ ಯಾವ ಜಿಲ್ಲಾದಾಗ ಬರ್ತದ?" ಎಂದಳು ಅವ್ವ.

"ನೀ ಆ ಊರಿಗಿ ಹೋಗಿದ್ದೇನು?" ಎಂದಳು ಅತ್ತೆ.

"ಇಲ್ಲ."

"ಅಲ್ಲಿ ನಮ್ಮವ್ರು ಯಾರರೆ ಅದಾರೇನು?"

"ಇಲ್ಲ."

"ಏರಿದ್ರ ನಿನಗೇನು ಸಿಗ್ತದ?"

"ಏನೂ ಇಲ್ಲ."

ಶಾಲು ಹೊದಿಸಿದವರು ನನ್ನ ಹೆಗಲ ಮೇಲೆ ಆ ಶಾಲು ಇದೆಯೋ ಎಂದು ನೋಡಿದರು. ನಾಗಮ್ಮ ಕೈಯಲ್ಲಿದ್ದ ತಂಬಿಗೆ ನೆಲಕ್ಕಿಟ್ಟಳು.

"ಬಾಟ್ಲಿ ಹಾಲು ಕುಡ್ಸಿ ಬೆಳ್ಸೀನ್ರಿ ನಾ ಅದಕ್ಕ" ಎಂದಳು ಮೆಲ್ಲಗೆ. "ನಿಮಗ ಪ್ರಮೋಷನ್ ಆಗ್ಯಾದ ಅಂತ ತಿಳದು ಸುಮ್ನಾಗಿದ್ದೆ. ನನ್ನ ಎರಡು ಕುರಿ ಆ ಹೊಟ್ಟಿ ಇದ್ದ ಗೋಲ್‌ಕೀಪರನ ಪಾಲಾದ್ವೇನ್ರಿ?"

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಆ ಒಂದು ಕ್ಷಣ, ಬಹುಶಃ ಜೀವನದಲ್ಲಿ ಮೊದಲ ಸಲ, ನನ್ನ ಕಾಲು ಅಲುಗದೆ ನಿಂತಿತು. ಹಗ್ಗ ಬಿಟ್ಟು ಅವಳ ಕೈ ಹಿಡಿಯಬೇಕೆನಿಸಿತು. ಆದರೆ ಹಗ್ಗ ಬಿಡುವ ಹಾಗಿರಲಿಲ್ಲ.

ಆಗ ನನ್ನ ಮೊಬೈಲು ಗುಂಯ್ ಎಂದಿತು. ನೀರಿಗೆ ಹಾಳಾದೀತೆಂದು ಅದನ್ನು ಮಲ್ಲಪ್ಪನ ಕೈಗೆ ಕೊಟ್ಟಿದ್ದೆ. ಕಿಶ್‌ಹಲೋಮ್‌ನ ಸುದ್ದಿ ಹಂಗೇರಿ ಭಾಷೆಯಲ್ಲಿ ಬಂದರೆ ಅದು ತಾನೇ ನಾವು ಶಾಲೆಯಲ್ಲಿ ಕಲಿತ ತೆಲುಗಾಗುವಂತೆ ನಾನು ಏರ್ಪಾಡು ಮಾಡಿಟ್ಟಿದ್ದೆ. ಮಲ್ಲಪ್ಪ ತೆಲುಗಿನಲ್ಲಿ ಓದಿಕೊಂಡ. ಅವನ ಮುಖ ನಿಧಾನವಾಗಿ ಅರಳಿತು.

"ಮಾವ, ನಿಮ್ಮವ್ರು ಏರಿಲ್ಲ."

"ಏನಂದಿ?"

"ಮೈದಾನದ ದೀಪ ಸಾಲಂಗಿಲ್ಲಂತ. ಕಾಗದಪತ್ರ ಪೂರಾ ಇಲ್ಲಂತ. ಅದಕ್ಕ ಮ್ಯಾಲಿನ ದರ್ಜಿಗಿ ಪರವಾನಗಿ ಕೊಟ್ಟಿಲ್ಲ. ಮುಂದಿನ ವರ್ಷನೂ ಎರಡನೇ ದರ್ಜಿದಾಗೇ ಆಡ್ತಾರಂತ."

ಬೇರೆ ದಿನವಾಗಿದ್ದರೆ ನಾನು ಎರಡು ದಿನ ಊಟ ಬಿಡುತ್ತಿದ್ದೆ. ಆಟವಾಡಿ ಗೆದ್ದು ದೀಪಕ್ಕೆ ಸೋತರಲ್ಲ! ಅಳುವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಸಾಯಪ್ಪ ಕಾಕಾ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ. "ಕೆಲಸ ಆಗಿಲ್ಲಂದ್ರ ಹರಕಿ ಹ್ಯಾಂಗ ತೀರ್ತದ? ತಾಯಿಗಿ ನಿಮ್ಮ ಮೊಬೈಲಿಗಿಂತ ಮೊದಲೇ ಗೊತ್ತಿತ್ತು, ಅದಕ್ಕೇ ಒಪ್ಪಿಲ್ಲ. ಆದ್ರ ಹರಕಿ ನಿಂತದ, ನೆನಪಿರಲಿ. ಆ ತಂಡ ಯಾವತ್ತರೆ ಏರ್ತು ಅಂದ್ರ, ಶೇರ್ ಎಲ್ಲಿದ್ರೂ ಇಲ್ಲಿಗಿ ಬರಬೇಕು."

ನಾಗಮ್ಮ ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಬಂದವರಿಗೆಲ್ಲ ಅನ್ನ ಮತ್ತು ಬೇಳೆ ಬಡಿಸಲಾಯಿತು.

"ತಾಂಡೂರದಾಗ ತೊಗರಿಬ್ಯಾಳಿ ಸಿಗಂಗಿಲ್ಲಂತ ನಾ ಇಲ್ಲಿಗಿ ಬಂದೀನೇನು?" ಎಂದು ಅತ್ತೆ ಕೊನೆಯ ತುತ್ತಿನವರೆಗೂ ಕೇಳುತ್ತಲೇ ಇದ್ದಳು.

ಶೇರ್ ಅದೇ ದಿನ ಜೀಪು ಹತ್ತಿ ನಾರಾಯಣಖೇಡಕ್ಕೆ ಹೋಯಿತು. ವಾರದಲ್ಲಿ ಎರಡು ಹೆಣ್ಣು ಕುರಿ ನಮ್ಮ ಅಂಗಳಕ್ಕೆ ಬಂದವು. ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಹೊಸ ಸಾಲಿನ ಆಟ ಶುರುವಾದ ಭಾನುವಾರ ಮೊಬೈಲು ತೆರೆದರೆ, ನಾಗಮ್ಮ ರೊಟ್ಟಿ ಬಡಿಯುವುದು ಬಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಇವತ್ತ ಎದುರಿಗಿ ಯಾರ್ರಿ?"

ಈಗ ಹಂಗೇರಿಯ ಎರಡನೇ ದರ್ಜೆಯ ವಿಷಯದಲ್ಲಿ ಅವಳಿಗೆ ತಿಳಿಯದ್ದಿಲ್ಲ. ಯಾವ ತಂಡದ ಮುಂಚೂಣಿ ಬಿರುಸು, ಯಾವುದರ ಕಾವಲು ಭದ್ರ, ಯಾರ ಕಾಲು ನೋವು ವಾಸಿಯಾಯಿತು, ಎಲ್ಲ ಬಲ್ಲಳು. ಎದುರಾಳಿ ಯಾರೇ ಆಗಲಿ, ಅವಳು ಅವರ ಕಡೆ. ಆಟ ಮುಗಿದ ಕೂಡಲೇ ನಾರಾಯಣಖೇಡದಿಂದ ಮಲ್ಲಪ್ಪನ ಫೋನು ಬರುತ್ತದೆ. "ಮಾವ, ಸೋತ್ರೇನು?" ಎಂದು ಕೇಳುವಾಗ ಹಿಂದೆ ಅವನ ಜೊತೆಯ ಕುರಿಗಾರರೆಲ್ಲ ಉಸಿರು ಬಿಗಿಹಿಡಿದಿರುತ್ತಾರೆ. ಹೌದು ಎಂದರೆ ಶಿಳ್ಳೆ ಹೊಡೆಯುತ್ತಾರೆ. ನಾಗಮ್ಮನೂ ಒಂದು ಹರಕೆ ಹೊತ್ತಿದ್ದಾಳೆ. ಕಿಶ್‌ಹಲೋಮ್ ತಿಂದ ಗೋಲಿಗೊಂದು ತೆಂಗಿನಕಾಯಿ.

ನನ್ನ ಟಗರು ಒಪ್ಪದ ಪೋಚಮ್ಮ ಅವಳ ಕಾಯಿಯನ್ನು ತಕ್ಷಣ ಒಪ್ಪಿದಳು. ತಂಡ ಈಗ ಹದಿನಾಲ್ಕನೇ ಸ್ಥಾನದಲ್ಲಿದೆ. ಹೋದ ಭಾನುವಾರ ನಾಲ್ಕು ಗೋಲು ತಿಂದರು. ಕೊಡೆಯ ಮುದುಕ ಅರ್ಧಕ್ಕೇ ಎದ್ದುಹೋದ, ನಾಯಿಯೂ ಹೋಯಿತು. ನಾನೊಬ್ಬನೇ ಕೊನೆಯವರೆಗೆ ಪಡಸಾಲೆಯಲ್ಲಿ ತಿರುಗುತ್ತಿದ್ದೆ. ನಾಲ್ಕನೇ ಗೋಲು ಬಿದ್ದಾಗ ಚಪ್ಪಾಳೆಯ ಸದ್ದು ಕೇಳಿ ನಾಗಮ್ಮನ ಕಡೆ ನೋಡಿದೆ. ಅವಳ ಎರಡೂ ಕೈ ಹಿಟ್ಟಿನೊಳಗಿದ್ದವು. ತಟ್ಟಿದವನು ನಾನೇ.

ಅವಳು ಎದ್ದಳು. ಕೈ ತೊಳೆದು ಬಂದು, ಗೂಟಕ್ಕೆ ತೂಗುಹಾಕಿದ್ದ ಚೀಲ ತೆಗೆದು ಕೊಟ್ಟಳು.

"ನಾಳಿ ಮುಂಜಾನಿ ಜಹೀರಾಬಾದಿಗಿ ಹೋಗಿ ನಾಕು ಕಾಯಿ ತರ್ರಿ. ಹ್ಯಾಂಗೂ ನಿಮ್ಮ ಕಾಲು ಮನ್ಯಾಗ ನಿಲ್ಲಂಗಿಲ್ಲ."